ಮಾಹಿತಿ ಹುಡುಕೋಣ, ಎಲ್ಲರೂ ಸೇರಿ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಸಂಸ್ಥೆಯ ಕಾರ್ಯಕರ್ತೆಯೊಬ್ಬರು ಆಡಿದ ಮಾತುಗಳ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ “ಮಹಿಳೆ ಮತ್ತು ಮಾಹಿತಿ”. ಇದರ ಮೇಲೆ ಭಾಷಣ ಮಾಡೋದು ಸುಲಭ. ಮಾಹಿತಿಯೇ ಶಕ್ತಿ ಅಂತ ನಾನು ನಾಲ್ಕು ಸಲ ಹೇಳಬಹುದು, ನೀವು ಚಪ್ಪಾಳೆ ತಟ್ಟಬಹುದು, ಆಮೇಲೆ ಎಲ್ಲರೂ ಊಟಕ್ಕೆ ಹೋಗಬಹುದು. ಅದರ ಬದಲು ನಮ್ಮದೇ ಒಂದು ಸಂಘದಲ್ಲಿ ನಡೆದದ್ದನ್ನು ಹೇಳ್ತೀನಿ. ಅದರಲ್ಲಿ ನನ್ನ ತಪ್ಪೂ ಇದೆ. ಸಂಘದ ಹೆಸರು, ಊರಿನ ಹೆಸರು ಹೇಳೋದಿಲ್ಲ. ಆ ಸಂಘದವರು ಇಲ್ಲೇ ಕೂತಿದ್ದಾರೆ. ಹೇಳಿ ಮೇಡಂ, ಬೇರೆಯವರಿಗಾದರೂ ಉಪಯೋಗ ಆಗಲಿ ಅಂತ ಒಪ್ಪಿದ್ದಾರೆ.

2023ರ ನವೆಂಬರ್ ತಿಂಗಳು. ಅಡಿಕೆ ಕೊಯ್ಲಿನ ಸಮಯ. ನಮ್ಮ ಸದಸ್ಯೆಯೊಬ್ಬರ ಯಜಮಾನರು ಕೊನೆ ತೆಗೆಯುವ ಕೆಲಸದವರು. ಇಬ್ಬನಿಗೆ ಮರ ಜಾರುತ್ತಿತ್ತು, ಮೇಲಿನಿಂದ ಬಿದ್ದರು. ತೋಟದವರ ಜೀಪಿನಲ್ಲೇ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಆಸೆ ಇಲ್ಲ ಅಂದಾಗ ಮನೆಯವರೇ ಬೇಡಿಕೊಂಡು ವಾಪಸ್ ಕರೆತಂದರು. ದಾರಿಯಲ್ಲೇ ಜೀವ ಹೋಯಿತು. ವಯಸ್ಸು ನಲವತ್ತಾರು. ದೊಡ್ಡ ಮಗಳು ಪಿಯುಸಿ, ಚಿಕ್ಕವನು ಎಂಟನೇ ಕ್ಲಾಸು. ಪೊಲೀಸು, ಮರಣೋತ್ತರ ಪರೀಕ್ಷೆ ಇದೆಲ್ಲ ಯಾರಿಗೂ ನೆನಪಿಗೇ ಬರಲಿಲ್ಲ. ಅಂಥ ಹೊತ್ತಿನಲ್ಲಿ ಯಾರಿಗೆ ಬರುತ್ತೆ ಹೇಳಿ.

ಸಂಘದವರು ಸುಮ್ಮನೆ ಕೂರಲಿಲ್ಲ. ಹದಿನಾಲ್ಕು ಜನ ಸದಸ್ಯರು ತಲಾ ಐನೂರು ಹಾಕಿದರು, ಅಕ್ಕಿ ಬೇಳೆ ಕೊಟ್ಟರು, ಹನ್ನೊಂದು ದಿನ ಸರದಿ ಮೇಲೆ ಆ ಮನೆಯಲ್ಲಿ ಅಡುಗೆ ಮಾಡಿದರು. ಸೋಮವಾರದ ಸಭೆಯಲ್ಲಿ ಬೇರೆ ಏನಾದರೂ ಸಹಾಯ ಸಿಗುತ್ತಾ ಅಂತ ಚರ್ಚೆನೂ ಮಾಡಿದರು. ಒಂದಲ್ಲ, ಮೂರು ಸೋಮವಾರ ಮಾಡಿದರು. ನಡಾವಳಿ ಪುಸ್ತಕ ಈಗಲೂ ಇದೆ, ನಾನು ನೋಡಿದ್ದೇನೆ. ಮೂರು ಸಭೆಯಲ್ಲೂ ಬರೆದಿರೋದು ಒಂದೇ ಮಾತು. ತೋಟದವರು ಹತ್ತು ಸಾವಿರ ಕೊಟ್ಟಿದ್ದಾರೆ, ಇನ್ನೂ ಕೇಳಬಹುದು. ಸರ್ಕಾರದಿಂದ ಏನಾದರೂ ಸಿಗಬಹುದು, ವಿಚಾರಿಸಬೇಕು. ಎಫ್‌ಐಆರ್ ಆಗಿಲ್ಲ, ಹಾಗಾಗಿ ಕಷ್ಟ. ಮುಂದಿನ ವಾರ ಮತ್ತೆ ಇದೇ ಮೂರು ಮಾತು.

ಎರಡನೇ ಸೋಮವಾರದ ಸಭೆಗೆ ನಾನೂ ಹೋಗಿದ್ದೆ. ಪ್ರತಿನಿಧಿಯನ್ನು ಕೇಳಿದೆ, “ಏನಮ್ಮಾ, ಏನಾದರೂ ದಾರಿ ಇದೆಯಾ?” ಅವರು “ಎಲ್ಲಾ ವಿಚಾರಿಸಿದ್ವಿ ಮೇಡಂ, ಏನೂ ಇಲ್ಲ” ಅಂದರು. ನಾನು ಪುಸ್ತಕಕ್ಕೆ ಸಹಿ ಹಾಕಿ ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಬಂದೆ. ಹದಿನಾಲ್ಕು ಜನ ಕೂತಿದ್ದರು, ನಾನು ಕೇಳಿದ್ದು ಒಬ್ಬರನ್ನು.

ಈಗ ಆ ಕೋಣೆಯಲ್ಲಿ ಯಾರ ಹತ್ತಿರ ಏನಿತ್ತು ಅನ್ನೋದನ್ನು ನೋಡಿ. ತೀರಿಕೊಂಡವರ ಹೆಂಡತಿಗೆ ಓದು ಬರಹ ಇಲ್ಲ. ಯಜಮಾನರ ಬ್ಯಾಂಕ್ ಪಾಸ್‌ಬುಕ್ಕು ಅವರ ಮನೆಯ ಟ್ರಂಕಿನಲ್ಲಿ ಸೀರೆ ಕೆಳಗೆ ಇತ್ತು. ಅದರಲ್ಲಿ ಮೇ ತಿಂಗಳ ಕೊನೆಯಲ್ಲಿ ಇಪ್ಪತ್ತು ರೂಪಾಯಿ ಕಡಿತ ಅಂತ ಒಂದು ಸಾಲು. ಬಾಗಿಲ ಹತ್ತಿರ ಕೂರುವ ಇನ್ನೊಬ್ಬ ಸದಸ್ಯೆ ಬ್ಯಾಂಕಿನಲ್ಲಿ ಕಸ ಗುಡಿಸುವವರು. ಅಪಘಾತದಲ್ಲಿ ಹೋದವರ ಮನೆಯವರಿಗೆ ಇಪ್ಪತ್ತು ರೂಪಾಯಿಯ ವಿಮೆಯಿಂದ ಎರಡು ಲಕ್ಷ ಬರುತ್ತೆ ಅನ್ನೋ ಮಾತನ್ನು ಅವರು ಕೌಂಟರಿನಲ್ಲಿ ಎಷ್ಟೋ ಸಲ ಕೇಳಿಸಿಕೊಂಡಿದ್ದರು. ಮೂರನೆಯವರು ಪಕ್ಕದ ಮನೆಯ ಸೊಸೆ. ಅವತ್ತು ಜೀಪಿನಲ್ಲಿ ಆಸ್ಪತ್ರೆಗೆ ಜೊತೆಗೆ ಹೋದವರು ಅವರೇ. ತಾಲ್ಲೂಕು ಆಸ್ಪತ್ರೆಯ ಚೀಟಿ, ಅದರ ಮೇಲೆ ಮರದಿಂದ ಬಿದ್ದದ್ದು ಅಂತ ಡಾಕ್ಟರು ಬರೆದು ಸಹಿ ಹಾಕಿದ್ದು, ತಾರೀಖು ಸಮೇತ, ಅವರ ಪರ್ಸಿನಲ್ಲಿ ಮಡಿಚಿಕೊಂಡು ಹಾಗೇ ಇತ್ತು. ಇನ್ನು ಪ್ರತಿನಿಧಿಯ ಫೋನಿಗೆ ನಮ್ಮ ಸಂಸ್ಥೆಯಿಂದಲೇ ಆ ಯೋಜನೆಯ ವಿವರ ಮೊದಲೇ ಹೋಗಿತ್ತು. ಅವರು ಓದಿಯೂ ಇದ್ದರು. ಆದರೆ “ಅವರ ಯಜಮಾನರು ಇದಕ್ಕೆಲ್ಲ ಸೇರಿರಲಿಕ್ಕಿಲ್ಲ, ನಾವು ಅರ್ಜಿ ತುಂಬಿದ ದಿನ ಅವರು ಬಂದಿರಲಿಲ್ಲ” ಅಂತ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಅವರು ಬೇರೆ ದಿನ, ಬ್ಯಾಂಕಿಗೇ ಹೋಗಿ ಸೇರಿದ್ದು ಇವರಿಗೆ ಹೇಗೆ ಗೊತ್ತಾಗಬೇಕು?

ಒಟ್ಟಿನಲ್ಲಿ ಎರಡು ಲಕ್ಷ ರೂಪಾಯಿಗೆ ಬೇಕಾದ ಮಾಹಿತಿ ಎಲ್ಲವೂ ಆ ಒಂದೇ ಚಾಪೆಯ ಮೇಲೆ ಇತ್ತು. ನಾಲ್ಕು ಜನರ ಹತ್ತಿರ ನಾಲ್ಕು ಚೂರು. ಮೂರು ವಾರ ಮಾತಾಡಿದರೂ ಆ ನಾಲ್ಕು ಚೂರು ಹೊರಗೆ ಬರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಮೂರು ಮಾತು ಮಾತ್ರ ಬಾಯಿಂದ ಬಾಯಿಗೆ ತಿರುಗಿತು.

ಇದು ನಮ್ಮ ಹೆಂಗಸರ ದಡ್ಡತನ ಅಂತ ಯಾರೂ ಅಂದುಕೊಳ್ಳಬೇಡಿ. ಓದಿದವರ ಮೀಟಿಂಗಿನಲ್ಲೂ ಹೀಗೇ ಆಗುತ್ತೆ. ಅಮೆರಿಕದಲ್ಲಿ 1985ರಲ್ಲಿ ಗ್ಯಾರಲ್ಡ್ ಸ್ಟ್ಯಾಸರ್, ವಿಲಿಯಂ ಟೈಟಸ್ ಅನ್ನುವ ಇಬ್ಬರು ಕಾಲೇಜು ವಿದ್ಯಾರ್ಥಿಗಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ ಕೂರಿಸಿದರು. ಮೂವರು ಅಭ್ಯರ್ಥಿಗಳಲ್ಲಿ ಒಬ್ಬರನ್ನು ವಿದ್ಯಾರ್ಥಿ ನಾಯಕನಾಗಿ ಆರಿಸಿ ಅಂದರು. ಎಲ್ಲಾ ವಿವರ ಎಲ್ಲರ ಕೈಗೂ ಕೊಟ್ಟ ಗುಂಪುಗಳು ಹೆಚ್ಚಾಗಿ ಒಳ್ಳೆಯ ಅಭ್ಯರ್ಥಿಯನ್ನೇ ಆರಿಸಿದವು. ಅದೇ ವಿವರವನ್ನು ಚೂರು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಭಾಗ ಮಾತ್ರ ಕೊಟ್ಟಾಗ ಹೆಚ್ಚಿನ ಗುಂಪುಗಳು ತಪ್ಪಿದವು. ಬಾಯಿ ಬಿಟ್ಟು ಮಾತಾಡಿಕೊಳ್ಳೋಕೆ ಅವಕಾಶ ಇತ್ತು, ಆದರೂ ತಪ್ಪಿದವು.

ನಾವು ಹೋದ ವರ್ಷ ತರಬೇತಿಯಲ್ಲಿ ಇದನ್ನೇ ಹಸುವಿನ ಆಟ ಮಾಡಿ ಆಡಿಸಿದೆವು. ಆಡಿದವರಿಗೆ ನೆನಪಿರಬೇಕು. ಕರಿ ಹಸು ಒಂದು, ಕೆಂದ ಹಸು ಒಂದು, ಸಂಘದ ಸಾಲದಲ್ಲಿ ಯಾವುದನ್ನು ಕೊಳ್ಳಬೇಕು? ಕರಿ ಹಸು ದಿನಕ್ಕೆ ಹತ್ತು ಲೀಟರ್ ಕೊಡುತ್ತೆ, ಸಾಧು, ಮೈ ತುಂಬಿಕೊಂಡಿದೆ ಅನ್ನೋದು ನಾಲ್ಕೂ ಚೀಟಿಯಲ್ಲಿತ್ತು. ಕೆಂದ ಹಸು ಸಣ್ಣದು, ಏಳೇ ಲೀಟರ್ ಅನ್ನೋದೂ ನಾಲ್ಕೂ ಚೀಟಿಯಲ್ಲಿತ್ತು. ಆದರೆ ಕರಿ ಹಸುವಿಗೆ ಒಂದು ಮೊಲೆ ಬತ್ತಿದೆ ಅನ್ನೋದು ಒಬ್ಬರ ಚೀಟಿಯಲ್ಲಿ ಮಾತ್ರ. ಮೂರು ಸಲ ಕೊಡಿಸಿದರೂ ಗಬ್ಬ ನಿಂತಿಲ್ಲ ಅನ್ನೋದು ಇನ್ನೊಬ್ಬರ ಚೀಟಿಯಲ್ಲಿ. ಕೆಂದ ಹಸು ಐದು ತಿಂಗಳ ಗಬ್ಬ ಅನ್ನೋದು ಮತ್ತೊಬ್ಬರಲ್ಲಿ, ಮೊದಲ ಕರುವಿನದು, ಕಾಲುಬಾಯಿ ಜ್ವರದ ಲಸಿಕೆ ಆಗಿದೆ ಅನ್ನೋದು ನಾಲ್ಕನೆಯವರಲ್ಲಿ. ಒಂಬತ್ತು ಗುಂಪು ಆಡಿತು, ಏಳು ಗುಂಪು ಕರಿ ಹಸುವನ್ನೇ ಕೊಂಡಿತು! ಹಸು ಸಾಕಿ ಸಾಕಿ ಕೈ ಸವೆದ ಹೆಂಗಸರು. ಆಮೇಲೆ ಕೇಳಿದರೆ ಒಬ್ಬ ಅಕ್ಕ ಹೇಳಿದರು, “ಎಲ್ರೂ ಹತ್ತು ಲೀಟರ್ ಹತ್ತು ಲೀಟರ್ ಅಂತ ಖುಷಿಯಾಗಿದ್ರು, ನಾನ್ಯಾಕೆ ಮೊಲೆ ಬತ್ತಿದ ಸುದ್ದಿ ತೆಗೀಲಿ ಅಂತ ಸುಮ್ಮನಾದೆ.”

ಆ ಅಕ್ಕ ಇಡೀ ವಿಷಯವನ್ನು ಒಂದೇ ಮಾತಿನಲ್ಲಿ ಹೇಳಿದರು. ಹತ್ತು ಜನಕ್ಕೆ ಗೊತ್ತಿರುವ ಮಾತಿಗೆ ಹತ್ತು ಬಾಯಿ. ಯಾರಾದರೊಬ್ಬರು ಆಡಿಯೇ ಆಡುತ್ತಾರೆ. ಆಡಿದಾಗ ಉಳಿದವರು ಹೌದು ಹೌದು ಅಂತ ತಲೆ ಆಡಿಸ್ತಾರೆ, ಹೇಳಿದವರಿಗೆ ಧೈರ್ಯ ಬರುತ್ತೆ. ಒಬ್ಬರಿಗೆ ಮಾತ್ರ ಗೊತ್ತಿರುವ ಮಾತಿಗೆ ಒಂದೇ ಬಾಯಿ. ಅವರು ಹೇಳಿದರೂ ಹೌದು ಅನ್ನುವವರು ಯಾರೂ ಇಲ್ಲ. ಆಗ ಅವರಿಗೇ ಅನುಮಾನ, ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಅಂತ.

ನಮ್ಮ ಸಂಘಗಳಲ್ಲಿ ಇದರ ಮೇಲೆ ಇನ್ನೊಂದು ಭಾರ ಇದೆ. ಆ ಕಾಲೇಜು ಹುಡುಗರೆಲ್ಲ ಒಂದೇ ಬೆಂಚಿನವರು. ನಾವು ಹಾಗಲ್ಲ. ಒಬ್ಬರ ಕೈಯಲ್ಲಿ ಸ್ಮಾರ್ಟ್ ಫೋನು, ಒಬ್ಬರ ಮನೆಯಲ್ಲಿ ಫೋನು ಗಂಡನ ಜೇಬಿನಲ್ಲಿ. ಒಬ್ಬರು ಪಂಚಾಯ್ತಿ ಸದಸ್ಯರ ನಾದಿನಿ, ಒಬ್ಬರು ಪಂಚಾಯ್ತಿ ಮೆಟ್ಟಿಲು ಹತ್ತಿದವರೇ ಅಲ್ಲ. ಒಬ್ಬರು ಕುರ್ಚಿ ಹತ್ತಿರ, ಒಬ್ಬರು ಯಾವಾಗಲೂ ಬಾಗಿಲ ಹತ್ತಿರ. ಯಾವ ಕೇರಿಯವರು ಬಾಗಿಲ ಹತ್ತಿರ ಕೂರ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಸ ಗುಡಿಸುವ ಆ ತಾಯಿಯನ್ನು ಆಮೇಲೆ ಕೇಳಿದೆ, ಯಾಕಮ್ಮ ಮೊದಲೇ ಹೇಳಲಿಲ್ಲ ಅಂತ. ಅವರು ಹೇಳಿದ್ದು, “ನಾನು ಕಸ ಹೊಡಿಯೋಳು ಮೇಡಂ. ನನಗೇ ಗೊತ್ತಿದ್ದ ಮೇಲೆ ಪ್ರತಿನಿಧಿ ಅಮ್ಮನಿಗೆ ಗೊತ್ತಿರಲ್ವಾ?”

ಮಾಹಿತಿ ಹೆಚ್ಚು ಸಿಗುವವರಿಗೆ ಎಲ್ಲಾ ಗೊತ್ತು ಅಂತ ಕಡಿಮೆ ಸಿಗುವವರು ಅಂದುಕೊಳ್ತಾರೆ. ಹೆಚ್ಚು ಸಿಗುವವರೂ ಹಾಗೇ ಅಂದುಕೊಳ್ತಾರೆ, ಅದೇ ತೊಂದರೆ. ಕೆಲವು ಪ್ರತಿನಿಧಿಗಳು ಈಗ ತಲೆ ತಗ್ಗಿಸಿದ್ದೀರಿ, ಬೇಡ, ತಲೆ ಎತ್ತಿ. ನಿಮ್ಮನ್ನು ಬೈಯೋಕೆ ಹೇಳ್ತಿಲ್ಲ. ಬ್ಯಾಂಕು, ಪಂಚಾಯ್ತಿ, ನಮ್ಮ ಆಫೀಸು, ಎಲ್ಲರೂ ನಿಮ್ಮೊಬ್ಬರಿಗೇ ಫೋನ್ ಮಾಡ್ತೀವಿ. ಹದಿನಾಲ್ಕು ಜನರ ತಲೆ ಭಾರ ನಿಮ್ಮೊಬ್ಬರ ತಲೆ ಮೇಲೆ. ಸುಸ್ತಾಗುತ್ತೆ. ಆದರೆ ಒಂದು ಮಾತು ಹೇಳಲೇಬೇಕು. ಎರಡು ಮೂರು ಕಡೆ ಸಾಲದ ಬಡ್ಡಿ ಲೆಕ್ಕ ಪ್ರತಿನಿಧಿಯ ಮನೆ ಕಪಾಟಿನಲ್ಲೇ ಬೀಗ ಹಾಕಿಕೊಂಡು ಕೂತಿದೆ. ಅದು ಸುಸ್ತಲ್ಲ, ಅದು ಬೇರೆ. ಅದರ ಬಗ್ಗೆ ಒಕ್ಕೂಟದ ಸಭೆಯಲ್ಲಿ ಮಾತಾಡೋಣ.

ಕಥೆಗೆ ವಾಪಸ್ ಬರ್ತೀನಿ. ನಾಲ್ಕನೇ ಸೋಮವಾರ ಪ್ರತಿನಿಧಿ ತವರಿಗೆ ಮದುವೆಗೆ ಹೋಗಿದ್ದರು. ಮಾತಾಡುವವರೇ ಇಲ್ಲ, ಸಭೆ ಮಂಕಾಗಿತ್ತಂತೆ. ಹೆಬ್ಬೆಟ್ಟು ಒತ್ತುವ ಒಬ್ಬ ಅಜ್ಜಿ ಇದ್ದಾರೆ ಆ ಸಂಘದಲ್ಲಿ. ಅವರು “ಅಲ್ರೇ, ಅವನ ಪಾಸ್‌ಬುಕ್ಕಾದರೂ ತಂದು ನೋಡ್ರೇ, ದುಡ್ಡೇನಾದರೂ ಇದೆಯೋ” ಅಂದರು. ಮಗಳು ಓಡಿಹೋಗಿ ತಂದಳು, ಅವಳೇ ಒಂದೊಂದು ಸಾಲು ಗಟ್ಟಿಯಾಗಿ ಓದಿದಳು. ಇಪ್ಪತ್ತು ರೂಪಾಯಿ ಅಂದ ಕೂಡಲೆ ಬಾಗಿಲ ಹತ್ತಿರದಿಂದ ಆ ತಾಯಿ ಎದ್ದು ನಿಂತರು. “ಅದೇ, ಅದೇ ಎರಡು ಲಕ್ಷದ್ದು!” ಅದಾದ ಮೇಲೆ ಒಂದರ ಹಿಂದೆ ಒಂದು. ಎಫ್‌ಐಆರ್ ಇಲ್ಲವಲ್ಲ ಅಂತ ಯಾರೋ ಅಂದರು. ಆಸ್ಪತ್ರೆ ಚೀಟಿ ನನ್ನ ಪರ್ಸಿನಲ್ಲಿದೆ ಅಂತ ಪಕ್ಕದ ಮನೆ ಸೊಸೆ ಅಂದರು.

ಮರುದಿನ ಬ್ಯಾಂಕಿಗೆ ಹೋದರೆ ಅಲ್ಲಿದ್ದ ಹೊಸಬರೊಬ್ಬರು ಎಫ್‌ಐಆರ್ ಇಲ್ಲದೆ ಆಗಲ್ಲ ಅಂದುಬಿಟ್ಟರು. ಇಲ್ಲಿ ಗಮನಿಸಿ. ಒಬ್ಬರೇ ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮೂವರು ಹೋಗಿದ್ದರು, ಸಂಜೆ ಬಂದು ಎಲ್ಲರಿಗೂ ಹೇಳಿದರು. ಒಬ್ಬರ ಮಗ ಡಿಗ್ರಿ ಓದುವವನು, ಅವನು ಯೋಜನೆಯ ನಿಯಮಗಳನ್ನೇ ಹುಡುಕಿ ತೆಗೆದ. ರಸ್ತೆ ಅಪಘಾತ, ರೈಲು ಅಪಘಾತ, ನೀರಿನಲ್ಲಿ ಮುಳುಗಿದ್ದು, ಅಪರಾಧ ಇರುವ ಸಾವು, ಇಂಥದ್ದಕ್ಕೆ ಪೊಲೀಸರಿಗೆ ತಿಳಿಸಿರಬೇಕು. ಹಾವು ಕಚ್ಚಿದ್ದು, ಮರದಿಂದ ಬಿದ್ದದ್ದು, ಇಂಥದ್ದಕ್ಕೆ ತಕ್ಷಣದ ಆಸ್ಪತ್ರೆ ದಾಖಲೆ ಇರಬೇಕು. ಹಾಗಂತ ಅದರಲ್ಲೇ ಇದೆ. ಆ ಹಾಳೆಯನ್ನು ಪ್ರಿಂಟ್ ತೆಗೆದುಕೊಂಡು, ಆಸ್ಪತ್ರೆಯ ಚೀಟಿ, ಮರಣ ಪ್ರಮಾಣ ಪತ್ರ ಜೋಡಿಸಿಕೊಂಡು ಮತ್ತೆ ಹೋದರು. ಈ ಸಲ ಮ್ಯಾನೇಜರ್ ಓದಿ ನೋಡಿ ಅರ್ಜಿ ತೆಗೆದುಕೊಂಡರು. ಅರ್ಜಿಯನ್ನು ಆದಷ್ಟು ಮೂವತ್ತು ದಿನದೊಳಗೆ ಕೊಡಬೇಕು ಅಂತ ಇದೆ, ಇವರು ಕೊಟ್ಟಾಗ ನಲವತ್ತು ದಾಟಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು ಎಲ್ಲರಿಗೂ. 2024ರ ಏಪ್ರಿಲ್‌ನಲ್ಲಿ ಆ ತಾಯಿಯ ಖಾತೆಗೆ ಎರಡು ಲಕ್ಷ ಬಂತು. ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ.

ಯೋಜನೆಯ ವಿವರ ಕೇಳಿದವರಿಗೆ ಹೇಳಿಬಿಡ್ತೀನಿ. ಇದು 2015ರಲ್ಲಿ ಶುರುವಾದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. 18ರಿಂದ 70 ವರ್ಷದವರಿಗೆ. ಮೊದಲು ವರ್ಷಕ್ಕೆ 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ಆಯಿತು. ಇದು ಅಪಘಾತಕ್ಕೆ ಮಾತ್ರ. ಕಾಯಿಲೆಯಿಂದ ಸತ್ತರೂ ಎರಡು ಲಕ್ಷ ಬರುವುದು ಬೇರೆ, ಅದು ಜೀವನ ಜ್ಯೋತಿ, ಅದಕ್ಕೆ 436 ರೂಪಾಯಿ, ಸೇರುವಾಗ ವಯಸ್ಸು ಐವತ್ತರ ಒಳಗಿರಬೇಕು. ಎರಡೂ ಖಾತೆಯಿಂದ ತಾನಾಗಿ ಕಡಿತ ಆಗುತ್ತೆ, ಖಾತೆಯಲ್ಲಿ ದುಡ್ಡು ಇಲ್ಲದಿದ್ದರೆ ಆ ವರ್ಷದ ವಿಮೆ ಇಲ್ಲ. ಪಾಸ್‌ಬುಕ್ ಎಂಟ್ರಿ ಮಾಡಿಸದೆ ಇದೆಲ್ಲ ಗೊತ್ತಾಗೋದಿಲ್ಲ.

ಈಗ ಸ್ವಲ್ಪ ದೂರ ಹೋಗೋಣ, ರಾಜಸ್ಥಾನಕ್ಕೆ. ಮಾಹಿತಿ ಹಕ್ಕಿನ ಕಾನೂನು ದೆಹಲಿಯಲ್ಲಿ ಯಾರೋ ದೊಡ್ಡವರು ಕೂತು ಬರೆದದ್ದು ಅಂತ ನಾನು ಬಹಳ ದಿನ ತಿಳಿದುಕೊಂಡಿದ್ದೆ. ಅದರ ಬೇರು ನಮ್ಮಂಥವರ ಹತ್ತಿರವೇ ಇದೆ. ಅಲ್ಲಿ 1990ರ ಮೇ 1ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಅಂತ ಶುರುವಾಯಿತು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮುಂತಾದವರು, ಜೊತೆಗೆ ಕೂಲಿಕಾರ ಹೆಂಗಸರು, ಗಂಡಸರು. ಬರಗಾಲದ ಕಾಮಗಾರಿಯಲ್ಲಿ ದುಡಿದವರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ ಕಾಗದದಲ್ಲಿ ಹೀಗಿದೆ ಅನ್ನೋ ಉತ್ತರ. ಆ ಕಾಗದ ತೋರಿಸಿ ಅಂದರೆ ಅದು ಗುಟ್ಟು, ತೋರಿಸಲ್ಲ.

1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಅನ್ನುವ ಹಳ್ಳಿಯಲ್ಲಿ ಅವರು ಮೊದಲ ಜನ ಸುನವಾಯಿ, ಅಂದರೆ ಜನರ ಎದುರಿನ ವಿಚಾರಣೆ ಮಾಡಿದರು. ಹೇಗೋ ಸಿಕ್ಕಿದ ಹಾಜರಿ ಪಟ್ಟಿ, ಬಿಲ್ಲು ಇವನ್ನೆಲ್ಲ ಊರವರ ಮುಂದೆ ಗಟ್ಟಿಯಾಗಿ ಓದಿದರು. ಅಷ್ಟೇ. ಓದು ಬಾರದ ಜನ ಕೂತು ಕೇಳಿದರು. ಈ ಹೆಸರಿನವರು ಆ ಕೆಲಸಕ್ಕೆ ಬಂದೇ ಇಲ್ಲ, ಈ ಕೆಲಸ ನಡೆದೇ ಇಲ್ಲ ಅಂತ ಒಬ್ಬೊಬ್ಬರೇ ಎದ್ದು ಹೇಳಿದರು. ಕಾಗದ ಓದುವವರಿಗೆ ಯಾವ ಹೆಸರು ಸುಳ್ಳು ಅಂತ ಗೊತ್ತಿರಲಿಲ್ಲ. ಸುಳ್ಳು ಯಾವುದು ಅಂತ ಗೊತ್ತಿದ್ದವರಿಗೆ ಕಾಗದದಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ. ಎರಡೂ ಒಂದೇ ಶಾಮಿಯಾನದ ಕೆಳಗೆ ಬಂದಾಗ ಕಳ್ಳತನ ಹೊರಬಿತ್ತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕೂತರು. ಅಲ್ಲಿಂದ ಬೆಳೆದು ಬೆಳೆದು 2005ರ ಅಕ್ಟೋಬರ್ 12ರಂದು ಮಾಹಿತಿ ಹಕ್ಕು ಕಾಯ್ದೆ ಜಾರಿಗೆ ಬಂತು. ಹತ್ತು ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ, ಮೂವತ್ತು ದಿನದಲ್ಲಿ ಉತ್ತರ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು.

ನಾನು ಆ ಶಾಮಿಯಾನವನ್ನು ನೆನಪಿಸಿದ್ದು ಯಾಕೆಂದರೆ, ನಮ್ಮ ಸೋಮವಾರದ ಚಾಪೆ ಅದರ ಸಣ್ಣ ರೂಪ ಆಗಬಹುದು. ಆ ಸಂಘದವರು ಈಗ ಒಂದು ಪದ್ಧತಿ ಮಾಡಿಕೊಂಡಿದ್ದಾರೆ, ನನಗೆ ಬಹಳ ಇಷ್ಟವಾಗಿದೆ. ಏನಾದರೂ ವಿಷಯ ಬಂದರೆ ಮೊದಲು ಚರ್ಚೆ ಇಲ್ಲ, ಒಂದು ಸುತ್ತು. ಸುತ್ತು ಶುರುವಾಗೋದು ಬಾಗಿಲ ಹತ್ತಿರ ಕೂತವರಿಂದ, ಪ್ರತಿನಿಧಿ ಕೊನೆಗೆ. ಒಬ್ಬೊಬ್ಬರೂ “ಉಳಿದವರಿಗೆ ಗೊತ್ತಿಲ್ಲದೆ ಇರಬಹುದು” ಅನ್ನಿಸುವ ಒಂದು ಮಾತು ಹೇಳಬೇಕು. ಸಣ್ಣದಾದರೂ ಸರಿ. ಮಧ್ಯೆ ಯಾರೂ ಬಾಯಿ ಹಾಕೋ ಹಾಗಿಲ್ಲ. ನನಗೆ ಗೊತ್ತಿಲ್ಲ ಅಂದರೂ ಅದನ್ನೂ ಬರೆಯುತ್ತಾರೆ. ಬರೆಯುವಾಗ ಇದು ಕಣ್ಣಾರೆ ಕಂಡದ್ದೋ, ಕಾಗದದಲ್ಲಿ ಓದಿದ್ದೋ, ಯಾರೋ ಹೇಳಿದ್ದು ಕೇಳಿದ್ದೋ ಅಂತ ಪಕ್ಕದಲ್ಲಿ ಗುರುತು ಹಾಕುತ್ತಾರೆ. ಕೇಳಿದ್ದು ಜಾಸ್ತಿ ಇರುತ್ತೆ, ಅದೇ ಮುಂದಿನ ವಾರ ಹುಡುಕಬೇಕಾದ ಕೆಲಸ.

ಹುಡುಕೋಕೆ ಹೋಗುವಾಗ ಇಬ್ಬರು. ಓದು ಬರುವವರೊಬ್ಬರು, ಆ ಕಷ್ಟ ಯಾರದೋ ಅವರೊಬ್ಬರು. ಯಾಕಂದರೆ ಆಫೀಸಿನವರು ಕೇಳುವ ಪ್ರಶ್ನೆಗೆ ಉತ್ತರ ಇರೋದು ಕಷ್ಟದಲ್ಲಿರುವವರ ಹತ್ತಿರ. ಪ್ರತಿನಿಧಿ ಒಬ್ಬರೇ ಹೋದರೆ “ಅವರ ಯಜಮಾನರ ಹೆಸರು ಆಧಾರಿನಲ್ಲಿ ಹೇಗಿದೆ?” ಅಂತ ಕೇಳಿದಾಗ ಮತ್ತೆ ವಾಪಸ್ ಬರಬೇಕು, ಬಸ್ ಚಾರ್ಜು ದಂಡ. ಈಗ ಬಸ್ಸು ಫ್ರೀ, ಆದರೂ ಒಂದು ದಿನದ ಕೂಲಿ ಫ್ರೀ ಅಲ್ಲವಲ್ಲ! ಫೋನಿನಲ್ಲಿ ಬಂದ ಸುದ್ದಿಯನ್ನು ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಬೇಕು, ಗುಂಪಿಗೆ ಕಳಿಸುವಾಗ ಬಾಯಲ್ಲಿ ಹೇಳಿ ಕಳಿಸಬೇಕು. ಬರಹದಲ್ಲಿ ಕಳಿಸಿದರೆ ಅರ್ಧ ಜನಕ್ಕೆ ಅದು ಬರೀ ಚಿತ್ರ.

ಹೀಗೆ ಮಾಡಿದ್ದರ ಲಾಭ ಇನ್ನೊಂದು ಊರಲ್ಲೂ ಕಂಡೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದಾಗ ಕೆಲವರಿಗೆ ಎರಡು ಸಾವಿರ ಬಂತು, ಕೆಲವರಿಗೆ ಬರಲಿಲ್ಲ. ಎಷ್ಟೋ ಕಡೆ ಬಾರದವರು ಒಬ್ಬೊಬ್ಬರೇ ಅಲೆದು ಸಾಕಾದರು. ಆ ಊರಿನ ಸಂಘದಲ್ಲಿ ಮಾತ್ರ ಬಂದವರ ಕಾಗದ, ಬಾರದವರ ಕಾಗದ ಪಕ್ಕ ಪಕ್ಕ ಇಟ್ಟು ನೋಡಿದರು. ಒಬ್ಬರದು ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಒಬ್ಬರದು ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ. ಒಂದೇ ಸಂಜೆಯಲ್ಲಿ ಯಾರು ಎಲ್ಲಿಗೆ ಹೋಗಬೇಕು ಅಂತ ಗೊತ್ತಾಯಿತು.

ಒಂದು ಎಚ್ಚರಿಕೆ. ಎಲ್ಲಾ ಮಾತನ್ನೂ ಚಾಪೆ ಮೇಲೆ ಸುರಿಯಬೇಕು ಅಂತ ನಾನು ಹೇಳ್ತಿಲ್ಲ. ಯಾರದೋ ಕಾಯಿಲೆ, ಯಾರದೋ ಮನೆ ಜಗಳ, ಸೊಸೆಗೆ ಮಕ್ಕಳಾಗದ ವಿಷಯ, ಇದು ಮಾಹಿತಿ ಅಲ್ಲ, ಅವರ ಮಾನ. ಹಾಗೇ ಆಧಾರ್ ಕಾರ್ಡಿನ ಫೋಟೋ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಓಟಿಪಿ ನಂಬರನ್ನು ಯಾರಿಗೂ ಹೇಳಬೇಡಿ, ಬ್ಯಾಂಕಿನವರು ಅಂತ ಹೇಳಿಕೊಂಡು ಫೋನ್ ಮಾಡಿದವರಿಗಂತೂ ಬೇಡವೇ ಬೇಡ.

ಪವಿತ್ರ ಬೈಬಲ್ಲಿನಲ್ಲಿ, ಲೂಕನ ಶುಭಸಂದೇಶದಲ್ಲಿ ಒಬ್ಬ ಹೆಂಗಸಿನ ಕಥೆ ಬರುತ್ತೆ. ಹತ್ತು ನಾಣ್ಯದಲ್ಲಿ ಒಂದು ಕಳೆದುಹೋದಾಗ ದೀಪ ಹಚ್ಚಿ, ಮನೆ ಗುಡಿಸಿ ಹುಡುಕುತ್ತಾಳೆ. ಸಿಕ್ಕಿದ ಮೇಲೆ ಅಕ್ಕಪಕ್ಕದವರನ್ನು ಕರೆದು ಸಂತೋಷ ಪಡುತ್ತಾಳೆ. ನಮ್ಮಲ್ಲಿ ಎಲ್ಲಾ ಧರ್ಮದವರೂ ಇದ್ದೀರಿ, ಕಥೆ ಎಲ್ಲರಿಗೂ ಅರ್ಥವಾಗುತ್ತೆ. ಗುರುಗಳು ಕ್ಷಮಿಸಬೇಕು, ನನಗೆ ಯಾವಾಗಲೂ ಅನ್ನಿಸೋದು, ಹುಡುಕುವಾಗಲೇ ಅವರನ್ನು ಕರೆದಿದ್ದರೆ ಬೇಗ ಸಿಗುತ್ತಿತ್ತೇನೋ ಅಂತ. (ನಗು)

ಕೊನೆಗೆ ಒಂದು ವಿಷಯ ಉಳಿದಿದೆ. ಅದನ್ನು ಹೇಳೋದು ನನಗೆ ಕಷ್ಟ. ಎರಡು ಲಕ್ಷ ಬಂದ ಸೋಮವಾರ ಆ ಸಂಘದಲ್ಲಿ ಸಿಹಿ ಹಂಚಿದರು. ಎಲ್ಲರೂ ಮಾತಾಡುತ್ತಿದ್ದಾಗ ಒಬ್ಬ ತಾಯಿ ಮಾತ್ರ ಸುಮ್ಮನೆ ಕೂತಿದ್ದರು. ಮುಂದಿನ ವಾರ ಸೆರಗಿನಲ್ಲಿ ಸುತ್ತಿಕೊಂಡು ಒಂದು ಹಳೇ ಪಾಸ್‌ಬುಕ್ ತಂದರು. ಅವರ ಯಜಮಾನರಿಗೆ 2021ರ ಮಳೆಗಾಲದಲ್ಲಿ ಗದ್ದೆಯಲ್ಲಿ ಹಾವು ಕಚ್ಚಿತ್ತು. ಆಸ್ಪತ್ರೆ ದೂರ ಅಂತ ನಾಟಿ ಔಷಧಿಯವರ ಹತ್ತಿರ ಕರೆದುಕೊಂಡು ಹೋಗಿದ್ದರು, ಉಳಿಯಲಿಲ್ಲ. ಅದೇ ಮಗಳು ಪಾಸ್‌ಬುಕ್ ಓದಿದಳು. ಹನ್ನೆರಡು ರೂಪಾಯಿ ಕಡಿತ, 2021ರ ಮೇ. ಆಸ್ಪತ್ರೆಯ ಚೀಟಿ ಇಲ್ಲ. ಎರಡೂವರೆ ವರ್ಷದ ಮೇಲಾಗಿದೆ. ನಾವು ಬ್ಯಾಂಕಿಗೆ ಹೋಗಿ ಕೇಳಿದೆವು, ಅರ್ಜಿಯನ್ನೂ ಬರೆದೆವು. ಆ ದುಡ್ಡು ಬರಲಿಲ್ಲ. ಆ ತಾಯಿ ಸಾಲ ತೀರಿಸೋಕೆ ಹಸು ಮಾರಿದ್ದರು, ಮಗ ಶಾಲೆ ಬಿಟ್ಟು ಬೆಂಗಳೂರಿಗೆ ಹೋಗಿದ್ದ. ಕಸ ಗುಡಿಸುವ ತಾಯಿ ಆಗಲೂ ಅದೇ ಬ್ಯಾಂಕಿನಲ್ಲೇ ಕೆಲಸ ಮಾಡುತ್ತಿದ್ದರು. ನಾನೂ ತಿಂಗಳಿಗೊಮ್ಮೆ ಆ ಸಂಘಕ್ಕೆ ಬಂದು ಪುಸ್ತಕಕ್ಕೆ ಸಹಿ ಹಾಕುತ್ತಿದ್ದೆ.

ಆಹ್ವಾನ ಪತ್ರದಲ್ಲಿ ನಿಮ್ಮದು, ಯಜಮಾನರದು ಎರಡೂ ಪಾಸ್‌ಬುಕ್ ತನ್ನಿ ಅಂತ ಬರೆದಿದ್ದೆವು. ತಂದವರು ಊಟ ಆದ ಮೇಲೆ ಹಿಂದಿನ ಹಾಲಿಗೆ ಬನ್ನಿ. ಕಾಲೇಜಿನ ಆರು ಜನ ಹುಡುಗಿಯರು ಬಂದಿದ್ದಾರೆ, ಒಂದೊಂದು ಸಾಲು ಓದಿ ಹೇಳುತ್ತಾರೆ. ಮರೆತು ಬಂದವರು ಬೇಸರ ಮಾಡಿಕೊಳ್ಳಬೇಡಿ, ಸೋಮವಾರದ ಸಭೆಗೆ ತನ್ನಿ. ಹಿಂದೆ ಬಾಗಿಲ ಹತ್ತಿರ ಕೂತವರು ಮೊದಲು ಎದ್ದು ಬನ್ನಿ, ಸಿಸ್ಟರ್ ಸನ್ನೆ ಮಾಡ್ತಿದ್ದಾರೆ, ಊಟ ತಯಾರಾಗಿದೆ.